ಎಲ್ಲಿಗೆ ಅಂತ ಕೇಳಬಾರದು

"ಕೊಯ್ದುಬಿಡು" ಅಂದ ಮಹಾನಂದ.

ಮುರುಗೇಶ ಆಗಲೇ ಬಾನೆಟ್ಟಿನ ಒಂದು ಮಗ್ಗುಲು ಬಿಚ್ಚಿ ಬೆಂಚಿನ ಮೇಲೆ ಮಲಗಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗರಗಸ ಹಿಡಿದು ನಿಂತಿದ್ದ. ಅಚ್ಚ ಹಸಿರು ಬಣ್ಣದ ತಗಡು. ಕಾರು ಮನೆಗೆ ಬಂದಾಗಿನಿಂದ ಮಹಾನಂದ ಅದನ್ನು ಹಳೇ ಪಂಚೆಯ ತುಂಡಿನಲ್ಲಿ ತಾನೇ ಒರೆಸಿಕೊಂಡು ಬಂದಿದ್ದ, ಆಳುಗಳಿಗೆ ಮುಟ್ಟಲು ಬಿಟ್ಟವನಲ್ಲ. ಈಗ ಅದಕ್ಕೆ ತೂತು ಮಾಡಲು ತಾನೇ ಅಪ್ಪಣೆ ಕೊಟ್ಟಾಯಿತು.

ಇನ್ನೊಂದು ಸಲ ಯೋಚನೆ ಮಾಡಿ ಸಾರ್, ಕೊಯ್ದಮೇಲೆ ಅಂಟಿಸೋಕೆ ಬರೋದಿಲ್ಲ, ಅಂತ ಮುರುಗೇಶ ಬೆಳಗಿನಿಂದ ಹೇಳುತ್ತಲೇ ಇದ್ದ. ಹೇಳುತ್ತ ನಗುತ್ತಲೂ ಇದ್ದ. ಕೊಯ್ಯುವುದಕ್ಕೆ ಅವನ ಕೈ ತುರಿಸುತ್ತಿತ್ತು, ಅದು ಯಾರಿಗಾದರೂ ಕಾಣುವಂತಿತ್ತು.

ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳ ಹೊಟ್ಟೆಯೊಳಗೇ ಬದುಕಿದ ಮನುಷ್ಯ ಈ ಮುರುಗೇಶ. ಈಗ ಚಾಮರಾಜಪೇಟೆಯಲ್ಲಿ ಸ್ವಂತ ವರ್ಕ್‌ಶಾಪು. ಸುಣ್ಣ ಬಳಿದ ಗೋಡೆ, ತಗಡಿನ ಮಾಡು, ಹಿಂದುಗಡೆ ಹುಣಸೇಮರ. ಕಾರಿನ ಹುಚ್ಚು ಹತ್ತಿದವರು ಮದ್ರಾಸಿನಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆಲ್ಲ ಅವನು ಇನ್ನೊಬ್ಬರ ಕಾರಿನ ಸಂಸಾರದ ಕತೆಯನ್ನೆಲ್ಲ ಹೇಳಿಯೇ ಕಳಿಸುತ್ತಿದ್ದ. ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ, ಗೋಣಿಯ ಮೇಲೆ, ಬ್ಲೋವರ್ ಕೂತಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಮದ್ರಾಸಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದದ್ದು. ಪುಸ್ತಕದಲ್ಲಿ ಅದರ ಹೆಸರು ಸೂಪರ್‌ಚಾರ್ಜರ್. ನೋಡುವುದಕ್ಕೆ ಅಡ್ಡ ಮಲಗಿಸಿದ ಸಣ್ಣ ಬಿಂದಿಗೆಯ ಹಾಗಿತ್ತು. ಎಂಜಿನ್ನು ಸಾಮಾನ್ಯವಾಗಿ ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತೆ. ಇದನ್ನು ಪಕ್ಕಕ್ಕೆ ಕೂರಿಸಿ ಬೆಲ್ಟು ಹಾಕಿದರೆ ಇದು ಗಾಳಿ ಪೆಟ್ರೋಲು ಎರಡನ್ನೂ ಒತ್ತಿ ಒತ್ತಿ ಒಳಕ್ಕೆ ತುರುಕುತ್ತೆ. ಸಾಕು ಸಾಕು ಅನ್ನೋ ಅಳಿಯನಿಗೆ ಅತ್ತೆ ಬಡಿಸೋ ಹಾಗೆ, ಅಂತ ಮುರುಗೇಶ ವಿವರಿಸಿದ್ದ. ಆಮೇಲೆ ಆ ಅಳಿಯ ಓಡೋ ಓಟ ನೋಡಬೇಕು ಅಂದಿದ್ದ.

ಮಹಾನಂದನಿಗೆ ಬೇಕಾಗಿದ್ದದ್ದು ಅಷ್ಟೇ, ಓಟ. ಸಂಜೆಯೊಳಗೆ ಕಾರು ಕೈಗೆ ಬರಬೇಕು. ಯಾಕೆಂದರೆ ನಾಳೆ ಬೆಳಿಗ್ಗೆ ಸರ್ವಮಂಗಳಾ ಹೊರಡುತ್ತಾಳೆ.

ಹೆಂಡತಿಗೆ ಹೋಗಬೇಡ ಅನ್ನಲಾರದೆ ಕಾರಿಗೆ ಬ್ಲೋವರ್ ಹಾಕಿಸುತ್ತಿರುವ ಗಂಡ ಈ ಬೆಂಗಳೂರಿನಲ್ಲಿ ತಾನೊಬ್ಬನೇ ಇರಬೇಕು ಅಂತ ಅವನಿಗೂ ಅನಿಸಿತು. ಅನಿಸಿದ್ದನ್ನು ಪಕ್ಕಕ್ಕೆ ಸರಿಸಿ, ಒಂದು ಹಳೇ ಟೈರಿನ ಮೇಲೆ ಕೂತ.

ಗರಗಸ ತಗಡಿಗೆ ಬಿತ್ತು. ಹಲ್ಲು ಜುಮ್ಮೆನ್ನುವಂಥ ಸದ್ದು.

ಮಹಾನಂದನ ಮನೆಯಲ್ಲಿ ಹೊರಟವರನ್ನು ಎಲ್ಲಿಗೆ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತೆ. ತೀರಾ ತಡೆಯಲಾರದೆ ಹೋದರೆ "ದೂರಾನಾ?" ಅನ್ನಬಹುದು, ಅದಕ್ಕೂ ಮುಖ ನೋಡದೆ ಉತ್ತರ ಕೊಟ್ಟು ಹೋಗಿಬಿಡಬೇಕು. ಊರಿಗೆಲ್ಲ ಇರುವ ಪದ್ಧತಿಯೇ. ಆದರೆ ಅಕ್ಕಿಪೇಟೆಯಲ್ಲಿ ಅಕ್ಕಿಮಂಡಿ ಇಟ್ಟಿದ್ದ ವೀರಭದ್ರಯ್ಯನವರ ಮನೆಯಲ್ಲಿ ಅದು ಒಂದು ಕೈ ಜಾಸ್ತಿಯೇ ನಡೆಯುತ್ತಿತ್ತು. ಹಿಂದೆ ಯಾವಾಗಲೋ ವೀರಭದ್ರಯ್ಯನವರ ತಮ್ಮ ಭತ್ತ ಕೊಳ್ಳಲು ಹೊರಟಾಗ ಅವರ ತಾಯಿ ಬಾಯಿ ತಪ್ಪಿ ಎಲ್ಲಿಗೋ ಅಂದುಬಿಟ್ಟರಂತೆ, ಗಾಡಿ ಮಗುಚಿ ಅವನ ಕಾಲು ಹೋಯಿತಂತೆ. ಅಂದಿನಿಂದ ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಮಹಾನಂದ ವೀರಭದ್ರಯ್ಯನವರ ಒಬ್ಬನೇ ಮಗ. ಮಂಡಿಗೆ ಕಾಲಿಡದೆ ಎಂ.ಎ. ಮಾಡಿ, ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ. ಚಿಕ್ಕಪ್ಪನ ಕಾಲಿನ ಕತೆಯನ್ನು ತರಗತಿಯಲ್ಲಿ ಹೇಳಿ, ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಅದೇ ಇದಕ್ಕೆ ಕಾರಣ ಅಂದುಕೊಳ್ಳುವುದು ಎಂಥ ದಡ್ಡತನ ಅಂತ ಹುಡುಗರನ್ನು ನಗಿಸುತ್ತಿದ್ದ. ಮನೆಗೆ ಬಂದರೆ ಅವನೂ ಕೇಳುತ್ತಿರಲಿಲ್ಲ. ಕೇಳದೆ ಇರುವುದರಲ್ಲಿ ಎಷ್ಟು ಸುಖವಿದೆ ಅನ್ನುವುದು ಅವನಿಗೆ ಚೆನ್ನಾಗಿ ರೂಢಿಯಾಗಿಬಿಟ್ಟಿತ್ತು.

ಶಿವರಾತ್ರಿ ಕಳೆದ ಮರುವಾರ ಸರ್ವಮಂಗಳಾ ಅವನಿಗೆ ರೊಟ್ಟಿ ಹಾಕುತ್ತ, ಮಠದವರ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಜೂನಿಗೆ ಹೋಗಬೇಕು ಅಂದಳು. ಮದುವೆಯಾದ ಮೇಲೆ ಬಿ.ಎ., ಬಿ.ಟಿ. ಎರಡನ್ನೂ ಮುಗಿಸಿದವಳು. ಓದಿಸಿದ್ದು ತಾನು ಅಂತ ಮಹಾನಂದ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದ. ಹೆಂಡತಿಯ ಕೈಕಟ್ಟುವ ಗಂಡ ನಾನಲ್ಲ ಅಂತಲೂ ಹೇಳಿದ್ದ. ಈಗ ಆ ಮಾತು ತಿರುಗಿ ಬಂದು ಅವನ ತಟ್ಟೆಯ ಮುಂದೆಯೇ ಕೂತಿತ್ತು. ಹೋಗಬೇಡ ಮಂಗಳಾ ಅನ್ನಬೇಕು ಅನಿಸಿತು. ಗಂಟಲವರೆಗೂ ಬಂತು.

"ದೂರಾನಾ?" ಅಂದ.

ದೂರವೇನು, ರೈಲಿದೆ, ಅಕ್ಕ ಸ್ಟೇಷನ್ನಿಗೆ ಬರ್ತಾಳಂತೆ ಅಂದಳು. ಸ್ವಲ್ಪ ಹೊತ್ತು ರೊಟ್ಟಿ ಕೈಯಲ್ಲೇ ಹಿಡಿದು ನಿಂತಿದ್ದಳು. ಅವನು ಮತ್ತೇನಾದರೂ ಅನ್ನುತ್ತಾನೋ ಅಂತ ಇರಬಹುದು. ಆಮೇಲೆ ಒಳಗೆ ಹೋದಳು.

ತರ್ಕಕ್ಕೆ ಇಷ್ಟು ಸಾಕು. ಅವಳ ಅಕ್ಕ ಗಿರಿಜಾಂಬಾ ಇರುವುದು ತುಮಕೂರಿನಲ್ಲಿ. ಅಕ್ಕ ಸ್ಟೇಷನ್ನಿಗೆ ಬರುತ್ತಾಳೆ. ಆದ್ದರಿಂದ ಕೆಲಸ ತುಮಕೂರಿನಲ್ಲಿ. ಅಲ್ಲಿ ಮಠವಿಲ್ಲವೆ, ಶಾಲೆಯಿಲ್ಲವೆ? ಎಲ್ಲ ಸರಿಹೋಯಿತು. ಕೇಳದೆಯೇ ತಿಳಿದುಕೊಂಡೆನಲ್ಲ ಅಂತ ಒಳಗೊಳಗೇ ಸಣ್ಣ ಹೆಮ್ಮೆಯೂ ಆಯಿತು. ಅದೇ ವಾರ ಮದ್ರಾಸಿನ ಏಜೆಂಟರ ಮೂಲಕ ಬ್ಲೋವರಿಗೆ ಹೇಳಿಕಳಿಸಿದ.

ಬ್ಲೋವರ್ ಯಾಕೆ ಅಂದರೆ, ಅದಕ್ಕೂ ಒಂದು ಕತೆಯಿದೆ. ಕೋಲಾರದ ಗಣಿಯ ಯಾವನೋ ದೊರೆ ದೇಶ ಬಿಟ್ಟುಹೋಗುವಾಗ ಮಾರಿದ ಎರಡೇ ಸೀಟಿನ ಎಂ.ಜಿ. ಕಾರು ಅದು, ಮೇಲೆ ಹೊದಿಕೆಯಿಲ್ಲದ್ದು. ಕೊಂಡ ಹೊಸತರಲ್ಲಿ ಒಂದು ಭಾನುವಾರ ಮೈಸೂರು ರಸ್ತೆಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗಿದ್ದ. ಅವಳು ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಯುದ್ಧಕ್ಕೆ ಹೊರಟವಳ ಹಾಗೆ ಕೂತಿದ್ದಳು. ಬಿಡದಿಯ ಹತ್ತಿರ ಒಂದು ಬಸ್ಸು, ಮೇಲೆ ಕೋಳಿಬುಟ್ಟಿ ಹೇರಿಕೊಂಡಿದ್ದದ್ದು, ಹಾರನ್ ಹೊಡೆಯುತ್ತ ಇವರನ್ನು ಹಿಂದೆ ಹಾಕಿ ಹೋಯಿತು. ಅವಳು ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇಷ್ಟೇನಾ ನಿಮ್ಮ ಕಾರಿನ ಓಟ?" ಅಂದಳು.

ಅವಳು ಹಾಗೆ ನಕ್ಕದ್ದನ್ನು ಅವನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೆ ಈವರೆಗೂ ನೋಡಿರಲಿಲ್ಲ. ಎಷ್ಟು ಮುದ್ದಾಗಿ ಕಂಡಳು ಅಂದರೆ ಅವನು ರಸ್ತೆ ನೋಡುವುದನ್ನೇ ಮರೆತ. ಹೇಳಬಹುದಾಗಿತ್ತು. ಹೇಳಲಿಲ್ಲ. ಕಾರು ನಿಧಾನ ಅನ್ನುವುದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡ.

ಈಗ ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಕೊಡುತ್ತಾನೆ. ಇವತ್ತು ಸಂಜೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಸವನಗುಡಿಯ ಕಡೆ ಹೋಗಿ, ನಾಳೆ ರೈಲು ಬೇಡ, ನಾನೇ ಬಿಡ್ತೀನಿ, ಒಂದು ಗಂಟೆಯ ದಾರಿ, ಪ್ರತಿ ಶನಿವಾರ ಬರ್ತೀನಿ ಅನ್ನುತ್ತಾನೆ. ಅದರೊಳಗೆ ಹೋಗಬೇಡ ಅನ್ನುವುದೂ ಇದೆ, ನೀನು ಬೇಕು ಅನ್ನುವುದೂ ಇದೆ. ಅವಳು ಜಾಣೆ, ಅರ್ಥ ಮಾಡಿಕೊಳ್ಳುತ್ತಾಳೆ. ಟೈರಿನ ಮೇಲೆ ಕೂತು ಮಹಾನಂದ ಈ ವಾಕ್ಯವನ್ನು ಹಿಂದೆಮುಂದೆ ಮಾಡಿ ಜೋಡಿಸುತ್ತಿದ್ದ. ಶನಿವಾರ ಮೊದಲು ಬರಬೇಕೋ ರೈಲು ಮೊದಲು ಬರಬೇಕೋ ಅನ್ನುವುದೊಂದು ತೀರ್ಮಾನವಾಗಿರಲಿಲ್ಲ.

ಬೆಳಿಗ್ಗೆ ಮನೆ ಬಿಡುವಾಗ ನಡುಮನೆಯಲ್ಲಿ ಅವಳ ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ. ವೀರಭದ್ರಯ್ಯನವರು ವಿಭೂತಿ ಧರಿಸಿ, ಟ್ರಂಕಿನ ಪಕ್ಕ ನಿಂತು, ಅಲ್ಲಿ ಮಳೆ ಹಿಡಿದರೆ ಬಿಡೋದೇ ಇಲ್ಲವಂತೆ, ಇನ್ನೊಂದು ಕಂಬಳಿ ಇರಲಿ ಅಂತ ಸೊಸೆಗೆ ಹೇಳುತ್ತಿದ್ದರು. ತುಮಕೂರಿನಲ್ಲಿ ಎಂಥ ಮಳೆ! ಅಪ್ಪಾಜಿಗೆ ವಯಸ್ಸಾಯಿತು ಅಂದುಕೊಂಡ ಮಹಾನಂದ. ಚಪ್ಪಲಿ ಮೆಟ್ಟುತ್ತಿದ್ದವನನ್ನು ಮುದುಕರು ಒಂದು ಗಳಿಗೆ ನೋಡಿದರು. ಏನೋ ಕೇಳುವವರಿದ್ದರು. ಹಣೆ ಉಜ್ಜಿಕೊಂಡು, "ದೂರಾನಾ?" ಅಂದರು.

ಇಲ್ಲೇ ಅಪ್ಪಾಜಿ, ಅಂತ ಹೇಳಿ ಬಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಬ್ಲೋವರ್ ತನ್ನ ಜಾಗದಲ್ಲಿ ಕೂತಿತು. ಬೆಲ್ಟು ಬಿತ್ತು. ಎಣ್ಣೆ ಹರಿಯಲು ತೆಳ್ಳಗಿನ ತಾಮ್ರದ ಕೊಳವೆಯನ್ನು ಮುರುಗೇಶ ಕೈಯಲ್ಲೇ ಬಗ್ಗಿಸಿ, ಮಗುವಿನ ಕೈಗೆ ಬಳೆ ತೊಡಿಸುವಷ್ಟು ಮೆಲ್ಲಗೆ ಎಂಜಿನ್ನಿನ ಸುತ್ತ ತಂದ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರು ಹಳೆಯ ಜಾಗ ಬಿಟ್ಟು ಬ್ಲೋವರಿನ ಬಾಯಿಗೆ ಬಂತು. ಬಾನೆಟ್ಟಿನ ತೂತಿನಿಂದ ಹೊಸ ಕಬ್ಬಿಣದ ಮೂಗು ಒಂದಿಷ್ಟು ಹೊರಗೆ ಇಣುಕಿತು. ಚೆನ್ನಾಗಿ ಕಂಡಿತು. ಕೊಯ್ದದ್ದಕ್ಕೆ ಇದ್ದ ಸಂಕಟ ಹೋಗಿ ಮಹಾನಂದನಿಗೆ ಕಾರಿನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು. ಕಾರನ್ನು ಪ್ರೀತಿಸುವುದು ಸುಲಭ, ಕೈ ಇಟ್ಟರೆ ಸಾಕು, ಮಾತು ಬೇಡ.

ಆಮೇಲೆ ಮುರುಗೇಶ ಜ್ಯಾಕು ಹಾಕಿ ಕಾರಿನ ಹಿಂಭಾಗ ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟ. ಹಿಂದಿನ ಎರಡು ಚಕ್ರ ನೆಲ ಬಿಟ್ಟು ಮೇಲೆ ನಿಂತವು. ಮುಂದಿನವಕ್ಕೆ ಕಲ್ಲು ಕೊಟ್ಟ. ಬ್ಲೋವರಿಗೆ ವಿಭೂತಿ ಎಳೆದು, ಊದುಬತ್ತಿ ಬೆಳಗಿ, ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟ. ಹಿಂದಿನ ಹಣ್ಣುಗಳ ಮೇಲೆ ಚಕ್ರ ಸುಮ್ಮನೆ ಗಾಳಿಯಲ್ಲಿ ತೂಗುತ್ತಿತ್ತು. ಕೆಳಗೆ ಇಳಿಸಿದಾಗ ಹತ್ತಿಸಿದರಾಯಿತು ಅಂದ.

ಯಾವಾಗ ಇಳಿಸುತ್ತೀ ಅಂತ ಕೇಳಿದ್ದಕ್ಕೆ, ನಾಳೆ ಮಧ್ಯಾಹ್ನ ಅಂದ.

ಮಹಾನಂದನಿಗೆ ರೇಗಿತು. ಸಂಜೆಗೆ ಅಂತ ಮಾತಾಗಿತ್ತಲ್ಲ ಅಂದ. ಮಾತಾಡಿದ್ದು ಕೂರಿಸೋದಕ್ಕೆ ಸಾರ್, ಕೂರಿಸಿದ್ದೀನಿ, ಅಂದ ಮುರುಗೇಶ. ಹೊಸ ಕಬ್ಬಿಣ, ಇನ್ನೂ ಪಳಗಬೇಕು. ಬೆಲ್ಟು ಎಳೆದುಕೊಳ್ಳಬೇಕು. ದಿಮ್ಮಿಯ ಮೇಲೇ ಓಡಿಸಿ, ಆರಿಸಿ, ಬಿಗಿ ನೋಡಿ, ಮತ್ತೆ ಓಡಿಸಬೇಕು. ಈಗಲೇ ರಸ್ತೆಗೆ ಇಳಿಸಿದರೆ ಯಶವಂತಪುರ ದಾಟೋ ಹೊತ್ತಿಗೆ ಕಚ್ಚಿಕೊಂಡು ನಿಲ್ಲುತ್ತೆ, ಎಲ್ಲಿ ಅಂತ ತಳ್ಳುತ್ತೀರಿ? ಇದನ್ನೆಲ್ಲ ಅವನು ಕೈ ಒರೆಸಿಕೊಳ್ಳುತ್ತ, ಹಟ ಮಾಡುವ ಮಗುವಿಗೆ ಹೇಳುವಷ್ಟು ಅಕ್ಕರೆಯಿಂದ ಹೇಳಿದ.

ಬೆಳಿಗ್ಗೆಯೇ ರೈಲು. ವಾಕ್ಯ ಮಾತ್ರ ಸಿದ್ಧವಾಗಿತ್ತು, ಹೇಳಲು ಕಾರಿಲ್ಲ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಸರ್ವಮಂಗಳಾ ನಿಂತಿದ್ದಳು. ಕೈಯಲ್ಲಿ ಊಟದ ಕ್ಯಾರಿಯರ್ರು. ಊಟಕ್ಕೆ ಬರಲಿಲ್ಲವಲ್ಲ ಅಂತ ಬಿಸಿಲಿನಲ್ಲಿ ನಡೆದೇ ಬಂದಿದ್ದಳು, ಕೆನ್ನೆ ಕೆಂಪಾಗಿತ್ತು. ಬನ್ನಿ ಅಮ್ಮಾವ್ರೇ, ಬನ್ನಿ, ಅಂತ ಮುರುಗೇಶ ಇದ್ದ ಒಂದೇ ಸ್ಟೂಲನ್ನು ಒರೆಸಿ ಹಾಕಿ, ಅಳಿಯನ ಕತೆ ಅತ್ತೆಯ ಕತೆ ಎಲ್ಲ ಇನ್ನೊಂದು ಸಲ ಹೇಳಿದ. ಅವಳು ಪೂರ್ತಿ ಕೇಳಿದಳು. ಬ್ಲೋವರಿನ ಮೂಗನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು. ಮುರುಗೇಶ ಟೀ ಕುಡಿದು ಬರ್ತೀನಿ ಅಂತ ಹಿಂದುಗಡೆ ಹೋದ.

ಅವಳು ಕ್ಯಾರಿಯರ್ರು ಬಿಚ್ಚಿ ಬೆಂಚಿನ ಮೇಲೆ ಜೋಡಿಸಿದಳು. ರೊಟ್ಟಿ, ಎಣ್ಣೆಗಾಯಿ, ಮೊಸರು. ಅವನು ತಿಂದ. ನಾಳೆಯಿಂದ ಅಡಿಗೆಯ ಸುಂದರಮ್ಮ ಇದನ್ನೇ ಮಾಡುತ್ತಾಳೆ, ಹೇಳಿಕೊಟ್ಟಿದ್ದೀನಿ ಅಂದಳು. ಖಾರ ಸ್ವಲ್ಪ ಕಮ್ಮಿ ಹಾಕು ಅಂದಿದ್ದೀನಿ, ನಿಮಗೆ ಹೊಟ್ಟೆ ಉರಿಯುತ್ತಲ್ಲ ಅಂದಳು. ಅವನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಈಗ ಬಿಟ್ಟರೆ ಇನ್ನಿಲ್ಲ ಅಂತ, ಕಾರಿಲ್ಲದೆಯೇ, ಬೇರೆಲ್ಲಾ ಬಿಟ್ಟು ವಾಕ್ಯದ ಬಾಲ ಹಿಡಿದುಕೊಂಡ.

"ಇನ್ನು ಒಂದು ಗಂಟೆ ಸಾಕು ಮಂಗಳಾ. ಪ್ರತಿ ಶನಿವಾರ ತುಮಕೂರಿಗೆ ಬಂದ್ಬಿಡ್ತೀನಿ."

"ತುಮಕೂರಿಗೆ ಯಾಕೆ?"

"ನೀನು ಅಲ್ಲಿರ್ತೀಯಲ್ಲ."

ಅವಳು ಮೊಸರಿನ ಬಟ್ಟಲನ್ನು ಕೆಳಗಿಟ್ಟಳು. ಅವನ ಮುಖವನ್ನೇ ನೋಡಿದಳು, ತಮಾಷೆಯೋ ಏನೋ ಅಂತ. ತಮಾಷೆಯಲ್ಲ ಅಂತ ಗೊತ್ತಾಯಿತು.

"ನಾನು ಹೋಗ್ತಿರೋದು ಬೆಳಗಾವಿಗೆ" ಅಂದಳು. "ಅಕ್ಕ ತುಮಕೂರು ಸ್ಟೇಷನ್ನಿಗೆ ಬುತ್ತಿ ತರ್ತಾಳೆ, ಅಷ್ಟೇ. ಗಾಡಿ ಮುಂದಕ್ಕೆ ಹೋಗುತ್ತೆ."

ಬೆಳಗಾವಿ. ಮೈಸೂರು ಸೀಮೆ ದಾಟಿ, ಮುಂಬಯಿ ಪ್ರಾಂತ. ಒಂದು ಹಗಲು, ಮೇಲೆ ಅರ್ಧ ರಾತ್ರಿ. ಬ್ಲೋವರ್ ಅಲ್ಲ, ರೆಕ್ಕೆ ಕಟ್ಟಿದರೂ ಶನಿವಾರಕ್ಕೆ ಮುಟ್ಟುವ ಊರಲ್ಲ. ಅಪ್ಪಾಜಿಗೆ ಗೊತ್ತಿತ್ತು, ಕಂಬಳಿ ತುಂಬಿಸಿದ್ದರು. ಟಿಕೆಟು ತಂದ ಮಂಡಿಯ ಗುಮಾಸ್ತನಿಗೆ ಗೊತ್ತಿತ್ತು. ಸುಂದರಮ್ಮನಿಗೂ ಗೊತ್ತಿರಬೇಕು. ತರ್ಕಶಾಸ್ತ್ರದ ಮೇಷ್ಟರಿಗೆ ಮಾತ್ರ ಗೊತ್ತಿರಲಿಲ್ಲ.

"ನನಗೆ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಶಿವರಾತ್ರಿಯಿಂದ ಕಾಯ್ತಿದ್ದೆ. ಎಲ್ಲಿಗೆ ಅಂತೀರಿ, ಯಾಕೆ ಅಂತೀರಿ ಅಂತ. ಕೆಲಸ ಕೆಟ್ಟರೆ ಕೆಡಲಿ, ಒಂದು ಸಲ ಕೇಳಲಿ ಅಂತ."

ಈಗ ಕೇಳಬಹುದಾಗಿತ್ತು. ಯಾಕೆ ಅನ್ನುವುದು ಎರಡಕ್ಷರ. ಮಹಾನಂದ ಎಣ್ಣೆಗಾಯಿಯ ಬಟ್ಟಲನ್ನು ನೋಡಿದ. ಕೇಳಿದರೆ ಅವಳು ಹೇಳುತ್ತಾಳೆ. ಹೇಳಿದರೆ ಅದು ಗೊತ್ತಾಗಿಬಿಡುತ್ತೆ. ಅವಳ ಮೇಲೆ ತನಗೆ ಎಷ್ಟು ಪ್ರೀತಿಯಿದೆ ಅನ್ನುವುದು ಅವನಿಗೆ ಆ ಗಳಿಗೆಯಲ್ಲಿ ನಿಚ್ಚಳವಾಗಿ ಗೊತ್ತಿತ್ತು, ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ.

ಮುರುಗೇಶ ಬಾಯಿ ಒರೆಸಿಕೊಳ್ಳುತ್ತ ಬಂದ. ಸಾರ್, ಈಗ ಸ್ಟಾರ್ಟ್ ಮಾಡಬೇಕು, ನೀವೇ ಕೂತು ಮಾಡಿ, ನಿಮ್ಮ ಕೈಗುಣ ನೋಡೋಣ ಅಂದ. ಅಮ್ಮಾವ್ರೂ ಕೂರಲಿ, ಮೊದಲ ಓಟ ಜೋಡಿಯಾಗಿಯೇ ಆಗಲಿ ಅಂದ.

ಮಹಾನಂದ ಅವಳ ಕಡೆ ನೋಡಿದ. ಅವಳು ಸ್ಟೂಲಿನಿಂದ ಎದ್ದು, ಕಾರಿನ ಗಿಡ್ಡ ಬಾಗಿಲು ತೆಗೆದು, ಒಳಗೆ ಕೂತಳು. ರೂಢಿಯಂತೆ ಸೆರಗನ್ನು ತಲೆಗೆ ಸುತ್ತಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎಂಜಿನ್ನು ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಮಾಡಿನ ತಗಡು ನಡುಗಿತು. ಹಳೆಯ ಗುಡುಗಿನ ಮೇಲೆ ಹೊಸದೊಂದು ಸಿಳ್ಳು ಎದ್ದಿತು, ಸಣ್ಣಗೆ, ಬಿಡದೆ. ಮುರುಗೇಶನ ಮುಖ ಅರಳಿತು, ಗೇರು ಹಾಕಿ ಅಂತ ಕೈಸನ್ನೆ ಮಾಡಿದ. ಒಂದು. ಎರಡು. ಮೂರು. ನಾಲ್ಕು. ಮುಂದೆ ಎರಡು ಮಾರು ದೂರದಲ್ಲಿ ಸುಣ್ಣದ ಗೋಡೆ. ಗಡಿಯಾರದಂಥ ಡಬ್ಬಿಯಲ್ಲಿ ಮುಳ್ಳು ಮೂವತ್ತು ಮೈಲಿ ದಾಟಿತು, ನಲವತ್ತು ದಾಟಿತು.

ಸರ್ವಮಂಗಳಾ ಅವನ ಕಿವಿಯ ಹತ್ತಿರ ಬಾಗಿದಳು.

"ತುಮಕೂರು ಬಂತಾ?"

ನಗುತ್ತಿದ್ದಳು. ಬಿಡದಿಯ ಬಸ್ಸಿನ ದಿನದ ನಗೆಯೇ, ಕಣ್ಣಲ್ಲಿ ನೀರೂ ಇತ್ತು. ಅವನಿಗೂ ನಗೆ ಬಂತು. ಎಷ್ಟೋ ದಿನದ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕರು.

"ಇನ್ನೇನು, ಬಂತು" ಅಂದ.

ಮುಳ್ಳು ಐವತ್ತಕ್ಕೆ ಬಂತು. ಅವಳ ನಗೆ ಮೆಲ್ಲಗೆ ಇಳಿಯಿತು. ಗೇರಿನ ಹಿಡಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಈಗಲಾದರೂ ಏನಾದ್ರೂ ಕೇಳಿ" ಅಂದಳು.

ಸಿಳ್ಳು ಏರುತ್ತಿತ್ತು. ಅವಳ ಕೈ ಬೆಚ್ಚಗಿತ್ತು. ಅವನು ಬಾಯಿ ತೆರೆದ.

"ಜೋರಾಯ್ತಾ?" ಅಂತ ಕೇಳಿದ.

ಅವಳು ಅವನನ್ನೇ ನೋಡಿದಳು. ಕೈ ತೆಗೆಯಲಿಲ್ಲ. ಆಮೇಲೆ ಮುಂದಕ್ಕೆ ತಿರುಗಿ, ಸುಣ್ಣದ ಗೋಡೆಯ ಕಡೆ ಮುಖ ಮಾಡಿ ನೇರವಾಗಿ ಕೂತಳು.

"ಇಲ್ಲ" ಅಂದಳು. "ಹೋಗಿ."

ಅವನು ಕಾಲು ಒತ್ತಿದ. ಅರವತ್ತು. ಅರವತ್ತೈದು. ಅವಳ ತಲೆಯ ಮೇಲಿನ ಸೆರಗು ಒಂದಿಷ್ಟೂ ಅಲುಗಲಿಲ್ಲ. ಮುರುಗೇಶ ಹಿಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರ ತಿರುಗುವ ರಭಸಕ್ಕೆ ಕಡ್ಡಿಗಳೇ ಕಾಣದೆ ಹೋದದ್ದನ್ನು ಕಣ್ಣು ತುಂಬ ನೋಡುತ್ತಿದ್ದ. ಅದರ ಕೆಳಗೆ, ನಾಲ್ಕು ಬೆರಳು ದೂರದಲ್ಲಿ, ನಿಂಬೆಹಣ್ಣು ಇಟ್ಟಲ್ಲೇ ಇತ್ತು.